ದಡದ ಹಳೆಯ ಗೋದಾಮುಗಳ ಜಾಗದಲ್ಲಿ ವಸತಿ ಗೋಪುರಗಳು: ಆಕ್ಷೇಪಣೆ ಸಲ್ಲಿಸುವ ಮುನ್ನ ಒಂದು ಚರ್ಚೆ

ದಡದ ಮನೆ (ಚರ್ಚೆ ಆರಂಭಿಸಿದವರು)

ನೀರಿನಂಚಿನ ಗೋದಾಮುಗಳನ್ನು ಕೆಡವಿ ಅಲ್ಲಿ ಮೂರು ವಸತಿ ಗೋಪುರಗಳನ್ನು ಎಬ್ಬಿಸುವ ಪ್ರಸ್ತಾವ ಈಗ ನಮ್ಮೆಲ್ಲರ ಕೈಯಲ್ಲಿದೆ. ಒಂದೊಂದೂ ಸುಮಾರು ನೂರು ಮೀಟರ್ ಎತ್ತರದ್ದು, ಒಟ್ಟು ಆರುನೂರು ಮನೆಗಳು. ಸುತ್ತಲಿರುವ ನಮ್ಮ ಮನೆಗಳಲ್ಲಿ ನಾಲ್ಕು ಅಂತಸ್ತು ಮೀರಿದ್ದು ಒಂದೂ ಇಲ್ಲ. ಆಕ್ಷೇಪಣೆಗೆ ಇನ್ನು ಕೆಲವೇ ವಾರ ಉಳಿದಿರುವುದರಿಂದ, ಎಲ್ಲರೂ ಸಹಿ ಹಾಕಬಹುದಾದ ಒಂದು ಕರಡನ್ನು ಸಿದ್ಧಪಡಿಸುವ ಉದ್ದೇಶದಿಂದ ಈ ಚರ್ಚೆಯನ್ನು ತೆರೆದಿದ್ದೇನೆ. ನನ್ನ ನಿಲುವನ್ನು ಮುಚ್ಚಿಡುವುದಿಲ್ಲ: ನಾನು ಇದರ ವಿರೋಧಿ. ಮೂವತ್ತು ವರ್ಷಗಳಿಂದ ಬೆಳಗಿನ ಬಿಸಿಲು ನೀರಿನ ಮೇಲಿಂದ ಜಾರಿ ನಮ್ಮ ಓಣಿಗೆ ಬರುವುದನ್ನು ನೋಡಿದ್ದೇನೆ. ಅದು ನಿಂತುಹೋಗುತ್ತದೆ. ಎರಡು ಕಾರುಗಳು ಎದುರುಬದುರಾದರೆ ಒಂದು ಹಿಂದೆ ಸರಿಯಬೇಕಾದ ರಸ್ತೆಯಲ್ಲಿ ಆರುನೂರು ಮನೆಗಳ ವಾಹನಗಳು ಹೇಗೆ ಹಾಯುತ್ತವೆ ಎಂಬುದಕ್ಕೆ ಪ್ರಸ್ತಾವದಲ್ಲಿ ಒಂದು ಪುಟದ ಉತ್ತರವೂ ಇಲ್ಲ. ಬೇಡ ಎನ್ನುವವರೂ ಬೇಕು ಎನ್ನುವವರೂ ಕಾರಣ ಕೊಟ್ಟು ಬರೆಯಬೇಕೆಂದು ಕೋರುತ್ತೇನೆ.

ಬಾಡಿಗೆದಾರ

ನಾನು ಈ ಬಡಾವಣೆಯಲ್ಲಿ ಎಂಟು ವರ್ಷಗಳಲ್ಲಿ ಮೂರು ಮನೆ ಬದಲಿಸಿದ್ದೇನೆ. ಮೂರು ಸಲವೂ ಕಾರಣ ಒಂದೇ ಆಗಿತ್ತು: ಮನೆಗಳು ಕಡಿಮೆ, ಕೇಳುವವರು ಹೆಚ್ಚು, ಆದ್ದರಿಂದ ಮಾಲೀಕರು ಹೇಳಿದ್ದೇ ಬಾಡಿಗೆ. ಆರುನೂರು ಮನೆಗಳು ಬರುತ್ತವೆ ಎಂದಾಗ ನನ್ನ ಕಿವಿಗೆ ಅದು ಬೆದರಿಕೆಯಂತೆ ಕೇಳಿಸಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನೆಗಳನ್ನು ಕೊಳ್ಳುವ ಶಕ್ತಿ ನನಗಿಲ್ಲ, ನಿಜ. ಆದರೆ ಅವುಗಳನ್ನು ಕೊಳ್ಳುವವರು ಅಲ್ಲಿ ಕೊಳ್ಳಲಾಗದಿದ್ದರೆ ಊರು ಬಿಟ್ಟು ಹೋಗುವವರಲ್ಲ. ನಾನಿರುವಂತಹ ಹಳೆಯ ಮನೆಯನ್ನೇ ಹೆಚ್ಚು ಹಣ ಕೊಟ್ಟು ಹಿಡಿಯುವವರು. ಒಬ್ಬರು ಹೊಸ ಮನೆಗೆ ಹೋದಾಗ ಅವರು ಬಿಟ್ಟ ಮನೆಗೆ ಇನ್ನೊಬ್ಬರು, ಅವರು ಬಿಟ್ಟಿದ್ದಕ್ಕೆ ಮತ್ತೊಬ್ಬರು, ಹೀಗೆ ಒಂದು ಸರಪಳಿ ಸರಿಯುತ್ತದೆ, ಮತ್ತು ಆ ಸರಪಳಿಯ ಕೊನೆಯ ಕೊಂಡಿಯಲ್ಲಿ ನನ್ನಂತಹವರು ನಿಂತಿರುತ್ತೇವೆ.

ಎತ್ತರದ ಕಟ್ಟಡವೆಂದರೆ ಸಿರಿವಂತರ ಗೂಡು ಎಂಬ ಭಾವನೆಯೂ ಎಲ್ಲ ಕಡೆ ಸತ್ಯವಲ್ಲ. ಸಿಂಗಪುರದಲ್ಲಿ ಹತ್ತರಲ್ಲಿ ಸುಮಾರು ಎಂಟು ನಿವಾಸಿಗಳು ವಾಸಿಸುವುದು ಸರ್ಕಾರಿ ವಸತಿ ಮಂಡಳಿ ಕಟ್ಟಿದ ಬಹುಮಹಡಿ ಕಟ್ಟಡಗಳಲ್ಲೇ. ಅಲ್ಲಿ ಗೋಪುರವೆಂದರೆ ಸಾಮಾನ್ಯರ ಮನೆ. ಕಟ್ಟಡ ಎಷ್ಟು ಎತ್ತರ ಎಂಬುದಕ್ಕಿಂತ ಅದರ ಬಾಗಿಲು ಯಾರಿಗೆ ತೆರೆದಿದೆ ಎಂದು ಕೇಳುವುದೇ ಸರಿಯೆನಿಸುತ್ತದೆ.

ಎರಡನೇ ತಿರುವು

ಸಿಂಗಪುರದಲ್ಲಿ ಕಟ್ಟಿದ್ದು ಸರ್ಕಾರ, ಇಲ್ಲಿ ಕಟ್ಟುತ್ತಿರುವುದು ಬಿಲ್ಡರ್. ಹೋಲಿಕೆ ಅಲ್ಲಿಗೇ ಮುಗಿಯಿತು ಎಂದು ನನ್ನ ಅಭಿಪ್ರಾಯ.

ನಿವೃತ್ತ ಇಂಜಿನಿಯರ್

ಈ ಚರ್ಚೆಯಲ್ಲಿ ನೆರಳು, ಗಾಳಿ, ನೆಲ ಎಂಬ ಮೂರು ಮಾತುಗಳು ಒಂದರೊಳಗೊಂದು ಬೆರೆತು ಹೋಗುವುದನ್ನು ಬಹಳ ಸಭೆಗಳಲ್ಲಿ ಕಂಡಿದ್ದೇನೆ. ಅವುಗಳನ್ನು ಬಿಡಿಸಿ ನೋಡೋಣ.

ನೆರಳನ್ನು ಊಹಿಸಬೇಕಾಗಿಲ್ಲ, ಲೆಕ್ಕ ಹಾಕಬಹುದು. ಸೂರ್ಯ 45 ಡಿಗ್ರಿ ಮೇಲಿದ್ದಾಗ ನೂರು ಮೀಟರ್ ಕಟ್ಟಡದ ನೆರಳು ನೂರು ಮೀಟರ್. 30 ಡಿಗ್ರಿಗೆ ಇಳಿದಾಗ ಸುಮಾರು 173 ಮೀಟರ್. 20 ಡಿಗ್ರಿಯಲ್ಲಿ ಸುಮಾರು 275 ಮೀಟರ್. ಅಂದರೆ ಬೆಳಗ್ಗೆ ಮತ್ತು ಸಂಜೆ ಅದು ಖಂಡಿತ ನಮ್ಮ ಓಣಿಯನ್ನು ಮುಟ್ಟುತ್ತದೆ. ಆದರೆ ತೆಳ್ಳನೆಯ ಗೋಪುರದ ನೆರಳು ಗಡಿಯಾರದ ಮುಳ್ಳಿನಂತೆ ಸರಿದುಹೋಗುತ್ತದೆ; ಅಗಲವಾದ ಕಟ್ಟಡದ ನೆರಳು, ಅದು ಗೋಪುರದ ಅರ್ಧದಷ್ಟೇ ಎತ್ತರವಿದ್ದರೂ, ಒಂದೇ ಕಡೆ ಗಂಟೆಗಟ್ಟಲೆ ಕೂತುಬಿಡುತ್ತದೆ. ಆದ್ದರಿಂದ "ನೆರಳು ಬೀಳುತ್ತದೆ" ಎಂದು ಬರೆಯುವುದರಿಂದ ಏನೂ ಆಗುವುದಿಲ್ಲ. ಯಾವ ತಿಂಗಳು, ಯಾವ ಗಂಟೆ, ಎಷ್ಟು ಹೊತ್ತು ಎಂದು ಕೇಳಬೇಕು.

ಗಾಳಿಯ ವಿಷಯ ಜನರಿಗೆ ಅಷ್ಟಾಗಿ ತಿಳಿಯದು, ಆದರೆ ನನ್ನ ದೃಷ್ಟಿಯಲ್ಲಿ ನೆರಳಿಗಿಂತ ಗಂಭೀರವಾದುದು. ನೀರಿನ ಮೇಲೆ ಬೀಸುವ ಗಾಳಿಗೆ ತಡೆಯಿಲ್ಲ. ಅದು ಎತ್ತರದ ಗೋಡೆಗೆ ಬಡಿದಾಗ ಒಂದು ಪಾಲು ಕೆಳಕ್ಕೆ ಧುಮುಕಿ ಕಟ್ಟಡದ ಬುಡದಲ್ಲಿ, ವಿಶೇಷವಾಗಿ ಮೂಲೆಗಳಲ್ಲಿ, ವೇಗ ಪಡೆಯುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 32 ಅಂತಸ್ತಿನ ಕಟ್ಟಡವೊಂದರ ಬಳಿ 2011ರಲ್ಲಿ ಇಂತಹ ಗಾಳಿಗೆ ಲಾರಿಯೊಂದು ಮಗುಚಿ ಪಾದಚಾರಿಯೊಬ್ಬರು ಸತ್ತರು. ಗಾಳಿಯನ್ನು ಒಡೆಯುವ ರಚನೆಗಳನ್ನು ಅಲ್ಲಿ ರಸ್ತೆಯ ಮೇಲೆಯೇ ಆಮೇಲೆ ನಿಲ್ಲಿಸಬೇಕಾಯಿತು. ಗೋಪುರವನ್ನು ನೇರವಾಗಿ ನೆಲದಿಂದ ಎಬ್ಬಿಸದೆ, ಮೂರು ನಾಲ್ಕು ಅಂತಸ್ತಿನ ಅಗಲ ಪೀಠದ ಮೇಲೆ ಒಳಕ್ಕೆ ಸರಿಸಿ ಕಟ್ಟಿದರೆ ಇಳಿಗಾಳಿ ಆ ಪೀಠದ ಮೇಲೆ ಬೀಳುತ್ತದೆ, ನಡೆಯುವವರ ಮೇಲಲ್ಲ. ಪ್ರಸ್ತಾವದ ಚಿತ್ರಗಳಲ್ಲಿ ಅಂತಹ ಪೀಠ ನನಗೆ ಕಾಣಲಿಲ್ಲ.

ಇನ್ನು ನೆಲ. ಗೋದಾಮುಗಳಿರುವ ಜಾಗ ತುಂಬಿಸಿದ ಮಣ್ಣು ಎಂಬುದು ಹಳಬರಿಗೆಲ್ಲ ಗೊತ್ತು. ಅಂತಹ ನೆಲದಲ್ಲಿ ಎತ್ತರದ ಕಟ್ಟಡ ನಿಲ್ಲುವುದಿಲ್ಲ ಎಂಬ ಮಾತು ತಪ್ಪು. ಪೈಲುಗಳನ್ನು, ಅಂದರೆ ಅಡಿಪಾಯದ ಆಳದ ಕಂಬಗಳನ್ನು, ಗಟ್ಟಿ ಪದರದವರೆಗೆ ಇಳಿಸಿದರೆ ನಿಲ್ಲುತ್ತದೆ. ಇಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ 58 ಅಂತಸ್ತಿನ ಮಿಲೇನಿಯಂ ಗೋಪುರವಿದೆ. 2009ರಲ್ಲಿ ಮುಗಿದ ಆ ಕಟ್ಟಡದ ಪೈಲುಗಳು ತಳದ ಬಂಡೆಯನ್ನು ಮುಟ್ಟದೆ ಮೇಲಿನ ಮರಳಿನ ಪದರದಲ್ಲೇ ನಿಂತಿದ್ದವು, ಮತ್ತು ಅದು ಸುಮಾರು 40 ಸೆಂಟಿಮೀಟರ್ ಕುಸಿದು ಒಂದು ಬದಿಗೆ ವಾಲಿದೆ ಎಂಬುದು 2016ರಲ್ಲಿ ಬಯಲಾಯಿತು. ಆಮೇಲೆ ಬಂಡೆಯವರೆಗೆ ಹೊಸ ಪೈಲುಗಳನ್ನು ಇಳಿಸಬೇಕಾಯಿತು.

ನನ್ನ ಆತಂಕ ಗೋಪುರದ ಬಗ್ಗೆ ಅಲ್ಲ, ನೆಲಮಾಳಿಗೆಯ ಬಗ್ಗೆ. ನೀರಿನ ಮಟ್ಟಕ್ಕಿಂತ ಪ್ರತಿ ಒಂದು ಮೀಟರ್ ಕೆಳಗಿಳಿದಾಗಲೂ ತಳದ ಮೇಲೆ ಚದರ ಮೀಟರಿಗೆ ಒಂದು ಟನ್‌ನಷ್ಟು ಒತ್ತಡ ಕೆಳಗಿನಿಂದ ಮೇಲಕ್ಕೆ ಹೆಚ್ಚುತ್ತದೆ. ಮೂರು ಅಂತಸ್ತಿನ ಪಾರ್ಕಿಂಗ್‌ಗಾಗಿ ಅಗೆದಾಗ ಆ ಗುಂಡಿಯನ್ನು ಒಣಗಿಡಲು ತಿಂಗಳುಗಟ್ಟಲೆ ಪಂಪು ಓಡಬೇಕು. ಪಂಪು ಎಳೆಯುವುದು ಗುಂಡಿಯ ನೀರನ್ನು ಮಾತ್ರವಲ್ಲ, ಸುತ್ತಲಿನ ಮಣ್ಣಿನ ನೀರನ್ನೂ. ನೀರು ಹೋದ ಮೆತ್ತನೆಯ ಮಣ್ಣು ಕುಗ್ಗುತ್ತದೆ, ಅದರ ಮೇಲೆ ಆಳವಿಲ್ಲದ ಅಡಿಪಾಯದಲ್ಲಿ ಕೂತಿರುವ ನಮ್ಮ ಮನೆಗಳ ಗೋಡೆಗಳು ಬಿರುಕು ಬಿಡುತ್ತವೆ. ಕೆಲಸ ಶುರುವಾಗುವ ಮೊದಲೇ ಪ್ರತಿ ಮನೆಯ ಗೋಡೆಯ ಫೋಟೋ ಮತ್ತು ಅಳತೆ ದಾಖಲಾಗಬೇಕು. ಇಲ್ಲದಿದ್ದರೆ ಆಮೇಲೆ ಕಂಡ ಬಿರುಕು ಹಳೆಯದೋ ಹೊಸದೋ ಎಂದು ಸಾಬೀತುಪಡಿಸಲು ಯಾರಿಂದಲೂ ಆಗದು.

ದಡದ ಮನೆ

ಇಂಜಿನಿಯರ್ ಅವರಿಗೆ ವಂದನೆಗಳು. ಆದರೆ ಒಂದು ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಸಾಲಿನ ಮನೆಗಳಿಂದ ನೀರು ಕಾಣುತ್ತದೆ, ನಾವು ಇಲ್ಲಿ ಮನೆ ಕಟ್ಟಿದ್ದೇ ಅದಕ್ಕಾಗಿ. ಆ ನೋಟವನ್ನು ಕಸಿದುಕೊಳ್ಳುವುದಕ್ಕೆ ಪರಿಹಾರವೇ ಇಲ್ಲವೇ?

ಕಾನೂನು ಓದಿದವಳು

ಬಹುಮಟ್ಟಿಗೆ ಇಲ್ಲ, ಮತ್ತು ಇದನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಬೆಳಕು ಬೇರೆ, ನೋಟ ಬೇರೆ. ಇಂಗ್ಲೆಂಡಿನಲ್ಲಿ 1610ರ ಆಲ್ಡ್ರೆಡ್ ಪ್ರಕರಣದಲ್ಲೇ ಈ ಗೆರೆ ಎಳೆದಾಗಿದೆ: ನೋಟವು ಸಂತೋಷದ ವಿಷಯ, ಅಗತ್ಯದ್ದಲ್ಲ, ಆದ್ದರಿಂದ ಅದು ಮುಚ್ಚಿಹೋಯಿತೆಂದು ದಾವೆ ಹೂಡಲಾಗದು. ಬೆಳಕಿನ ಮಾತು ಹಾಗಲ್ಲ. ಅಲ್ಲಿಯ 1832ರ ಕಾಯಿದೆಯಂತೆಯೂ, ಭಾರತದ 1882ರ ಅನುಭೋಗ ಹಕ್ಕುಗಳ ಕಾಯಿದೆಯ 15ನೇ ಕಲಮಿನಂತೆಯೂ, 20 ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ ಬೆಳಕಿಗೆ ಹಕ್ಕು ಹುಟ್ಟಬಹುದು. ಜಪಾನಿನಲ್ಲಿ 1976ರಿಂದ ಕಟ್ಟಡ ಕಾನೂನಿನಲ್ಲೇ ನೆರಳಿನ ಗಂಟೆಗಳಿಗೆ ಮಿತಿಯಿದೆ. ಹೀಗಾಗಿ ಆಕ್ಷೇಪಣೆಯಲ್ಲಿ "ನಮ್ಮ ನೋಟ" ಎಂಬ ಪದ ಬಂದ ತಕ್ಷಣ ಓದುವ ಅಧಿಕಾರಿ ಪುಟ ತಿರುಗಿಸುತ್ತಾರೆ. "ನಮ್ಮ ಕೋಣೆಗೆ ಬರುತ್ತಿದ್ದ ಬೆಳಕಿನ ಗಂಟೆಗಳು" ಎಂದಿದ್ದರೆ ಪೆನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.

ನೋಟಕ್ಕೆ ರಕ್ಷಣೆ ಸಿಗುವುದು ಅದು ಒಬ್ಬರ ಕಿಟಕಿಯದ್ದಾಗಿರದೆ ಎಲ್ಲರದ್ದಾಗಿದ್ದಾಗ. ಲಂಡನ್ನಿನಲ್ಲಿ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ 1930ರ ದಶಕದಿಂದ ಮಿತಿಯಿದೆ. ಕೆನಡಾದ ವ್ಯಾಂಕೂವರ್ ನಗರ 1989ರಲ್ಲಿ ಪರ್ವತಗಳ ನೋಟಕ್ಕಾಗಿ ದೃಷ್ಟಿಪಥಗಳನ್ನೇ ನಕ್ಷೆಯಲ್ಲಿ ಗುರುತಿಸಿತು. ಅವೆಲ್ಲ ಉದ್ಯಾನ, ಸೇತುವೆ, ಬೀದಿಯಂತಹ ಸಾರ್ವಜನಿಕ ಜಾಗಗಳಲ್ಲಿ ನಿಂತು ನೋಡುವವರಿಗಾಗಿ.

ಇನ್ನೊಂದು ಎಚ್ಚರಿಕೆ, ಇದು ಗೋಪುರಗಳ ಪರವಾಗಿರುವವರಿಗೆ. ನೀರಿನಂಚಿನಿಂದ ಎಷ್ಟು ದೂರ ಬಿಡಬೇಕು ಎಂಬ ನಿಯಮವನ್ನು ಮಂಜೂರಾತಿಯ ಮುದ್ರೆ ಅಳಿಸುವುದಿಲ್ಲ. ಕೊಚ್ಚಿಯ ಮರಡುವಿನಲ್ಲಿ ಹಿನ್ನೀರಿನ ದಡದ ನಾಲ್ಕು ವಸತಿ ಸಂಕೀರ್ಣಗಳು ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಆದೇಶ ನೀಡಿತು, 2020ರ ಜನವರಿಯ ಎರಡು ದಿನಗಳಲ್ಲಿ ಅವುಗಳನ್ನು ಸ್ಫೋಟಕ ಇಟ್ಟು ಉರುಳಿಸಲಾಯಿತು. ಸ್ಥಳೀಯ ಸಂಸ್ಥೆಯ ಪರವಾನಗಿ ಇದೆಯೆಂದು ನಂಬಿ ಕೊಂಡಿದ್ದವರು ಹೊರಗೆ ನಿಂತು ನೋಡಿದರು. ಹಾಗೆಂದು ನಿಯಮಗಳು ಬಂಡೆಯಂತೆ ಸ್ಥಿರವೂ ಅಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಬಫರ್, ಅಂದರೆ ಏನೂ ಕಟ್ಟದೆ ಬಿಡುವ ಪಟ್ಟಿ, ಇರಬೇಕೆಂದು ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನಡುವಿನ ಮೂರು ವರ್ಷ ಕೊಂಡವರಿಗೂ ಕಟ್ಟಿದವರಿಗೂ ಯಾವ ಅಳತೆ ನಿಲ್ಲುತ್ತದೆಂದು ಗೊತ್ತಿರಲಿಲ್ಲ. ಆದ್ದರಿಂದ ಈಗಲೇ ದೂರವನ್ನು ಅಳೆದು ಬರೆಯಿಸಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಬಾಡಿಗೆದಾರ

ಅಂದರೆ "ನಮ್ಮ ನೋಟ" ಎಂದು ಹೇಳಲಾಗದ್ದರಿಂದ ಎಲ್ಲರೂ "ಬೆಳಕು" ಎಂದು ಬರೆಯಲಿದ್ದಾರೆ. ನನಗೆ ಅರ್ಥವಾಯಿತು.

ಕಾನೂನು ಓದಿದವಳು

ಹಾಗೆ ಬರೆಯುವವರೂ ಇರುತ್ತಾರೆ. ಅದಕ್ಕಾಗಿಯೇ ಗಂಟೆಗಳ ಲೆಕ್ಕ ಬೇಕು. ಲೆಕ್ಕ ಸುಳ್ಳನ್ನು ಬಹಳ ಹೊತ್ತು ಹೊರುವುದಿಲ್ಲ.

ಚೌಕದ ಲೆಕ್ಕ

ನಾನು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಇಲ್ಲಿಯವರೆಗೆ ಎಲ್ಲರೂ ಒಂದು ಮಾತನ್ನು ಒಪ್ಪಿಕೊಂಡೇ ವಾದಿಸುತ್ತಿದ್ದಾರೆ: ಹೆಚ್ಚು ಮನೆಗಳು ಬೇಕೆಂದರೆ ಮೇಲಕ್ಕೇ ಹೋಗಬೇಕು. ಇದು ಯಾವಾಗಲೂ ನಿಜವಲ್ಲ. ಕೇಂಬ್ರಿಜ್‌ನಲ್ಲಿ ವಾಸ್ತುಶಿಲ್ಪ ಸಂಶೋಧಕರಾದ ಲೆಸ್ಲಿ ಮಾರ್ಟಿನ್ ಮತ್ತು ಲಯನೆಲ್ ಮಾರ್ಚ್ 1960ರ ದಶಕದಲ್ಲಿ ತೋರಿಸಿದ ಲೆಕ್ಕವನ್ನು ನನ್ನದೇ ಸಂಖ್ಯೆಗಳಲ್ಲಿ ಹೇಳುತ್ತೇನೆ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲದ ನಿವೇಶನವನ್ನು ತೆಗೆದುಕೊಳ್ಳಿ. ನಡುವೆ 30 ಮೀಟರ್‌ಗೆ 24 ಮೀಟರ್ ಅಳತೆಯ ಗೋಪುರ ಕಟ್ಟಿದರೆ ಒಂದು ಮಹಡಿಗೆ 720 ಚದರ ಮೀಟರ್. 30 ಮಹಡಿಗಳಿಗೆ 21,600. ಈಗ ಗೋಪುರವನ್ನು ಅಳಿಸಿ, ನಿವೇಶನದ ನಾಲ್ಕೂ ಅಂಚಿನಲ್ಲಿ ಹತ್ತು ಮೀಟರ್ ದಪ್ಪದ ಪಟ್ಟಿಯಾಗಿ ಕಟ್ಟಿ, ಒಳಗೆ 80 ಮೀಟರ್ ಚೌಕದ ಅಂಗಳ ಬಿಡಿ. ಒಂದು ಮಹಡಿಗೆ 3,600 ಚದರ ಮೀಟರ್ ಸಿಗುತ್ತದೆ. ಆರು ಮಹಡಿ ಮುಗಿಯುವ ಹೊತ್ತಿಗೆ ಅದೇ 21,600.

ನಾನು ಮೊದಲ ಸಲ ಈ ಲೆಕ್ಕ ಮಾಡಿದಾಗ ತಪ್ಪಾಗಿದೆಯೆಂದು ಎರಡು ಬಾರಿ ಮತ್ತೆ ಮಾಡಿದ್ದೆ. ಬಹುತೇಕ ಆರೇಳು ಅಂತಸ್ತಿನ ಕಟ್ಟಡಗಳಿಂದಲೇ ಕೂಡಿದ ಪ್ಯಾರಿಸ್ ಯೂರೋಪಿನ ಅತ್ಯಂತ ದಟ್ಟ ನಗರಗಳಲ್ಲಿ ಒಂದಾಗಿರುವುದರ ಗುಟ್ಟೂ ಇದೇ. ಅಲ್ಲಿ 1973ರಲ್ಲಿ ಸುಮಾರು 210 ಮೀಟರ್‌ನ ಮೊಂಪಾರ್ನಾಸ್ ಗೋಪುರ ಎದ್ದ ಮೇಲೆ ಜನ ಎಷ್ಟು ಬೇಸತ್ತರೆಂದರೆ 1977ರಲ್ಲಿ 37 ಮೀಟರ್ ಮಿತಿ ಬಂತು. ನಡುವೆ ಸಡಿಲಿಸಿದ ಆ ಮಿತಿಯನ್ನು 2023ರಲ್ಲಿ ನಗರ ಮತ್ತೆ ತಂದುಕೊಂಡಿತು.

ನಿವೃತ್ತ ಇಂಜಿನಿಯರ್

ಲೆಕ್ಕ ಸರಿಯಿದೆ, ಜಾಗ ತಪ್ಪಿದೆ. ನಿಮ್ಮ ಚೌಕದ ನಾಲ್ಕು ಬದಿಯಲ್ಲಿ ಒಂದು ಬದಿ ನೀರಿಗೆ ಅಂಟಿಕೊಂಡಿದೆ ಎಂದು ಊಹಿಸಿ. ಅಲ್ಲಿ ನೂರು ಮೀಟರ್ ಉದ್ದದ, ಆರು ಅಂತಸ್ತಿನ ಗೋಡೆ ಎದ್ದಿತು. ಹಿಂದಿನ ಬೀದಿಯಲ್ಲಿ ನಿಂತವನಿಗೆ ನೀರೂ ಕಾಣದು, ನೀರಿನ ಗಾಳಿಯೂ ಬಾರದು. ತೆಳ್ಳನೆಯ ಗೋಪುರಗಳ ನಡುವೆ ಕನಿಷ್ಠ ಸಂದಿಯಾದರೂ ಇರುತ್ತದೆ. ವ್ಯಾಂಕೂವರ್‌ನಲ್ಲಿ 1986ರ ವಿಶ್ವ ಪ್ರದರ್ಶನ ನಡೆದ ನೀರಂಚಿನ ಜಾಗದಲ್ಲಿ ಆಮೇಲೆ ಬೆಳೆದ ಬಡಾವಣೆಯ ಸೂತ್ರ ಇದೇ ಆಗಿತ್ತು: ಬುಡದಲ್ಲಿ ಬೀದಿಗೆ ಮುಖ ಮಾಡಿದ ತಗ್ಗು ಮನೆಗಳು, ಅವುಗಳ ಮೇಲೆ ಒಂದರಿಂದೊಂದು ದೂರ ನಿಂತ ಕಿರಿದಾದ ಗೋಪುರಗಳು, ಮತ್ತು ನೀರಿನ ಅಂಚಿನುದ್ದಕ್ಕೂ ಯಾರು ಬೇಕಾದರೂ ನಡೆಯಬಹುದಾದ ಹಾದಿ.

ಚೌಕದ ಲೆಕ್ಕ

ಒಪ್ಪುತ್ತೇನೆ, ನೀರಿನ ಬದಿಯನ್ನು ತೆರೆದಿಟ್ಟು ಮೂರೇ ಬದಿಯಲ್ಲಿ ಕಟ್ಟಿದರೆ ಏಳೆಂಟು ಅಂತಸ್ತು ಬೇಕಾಗುತ್ತದೆ. ಮೂವತ್ತಂತೂ ಅಲ್ಲ.

ಹನ್ನೊಂದನೇ ಮಹಡಿ

ಇಲ್ಲಿ ಬರೆಯುತ್ತಿರುವವರಲ್ಲಿ ಎತ್ತರದ ಕಟ್ಟಡದಲ್ಲಿ ನಿಜವಾಗಿ ವಾಸಿಸುವವನು ನಾನೊಬ್ಬನೇ ಎಂದು ತೋರುತ್ತದೆ. ಒಳಗಿನಿಂದ ಕಾಣುವುದನ್ನು ಹೇಳುತ್ತೇನೆ. ನೋಟ ಮೊದಲ ಆರು ತಿಂಗಳು. ಆಮೇಲೆ ಉಳಿಯುವುದು ಲಿಫ್ಟು, ಪಂಪು ಮತ್ತು ನಿರ್ವಹಣಾ ಶುಲ್ಕದ ಸಭೆ. ಮೂರು ಅಂತಸ್ತಿನ ಮನೆಯಲ್ಲಿ ರಿಪೇರಿಯನ್ನು ಮುಂದೂಡಿದರೆ ಗೋಡೆ ಒದ್ದೆಯಾಗುತ್ತದೆ. ಮೂವತ್ತು ಅಂತಸ್ತಿನಲ್ಲಿ ಮುಂದೂಡಿದರೆ ಏನಾಗಬಹುದು ಎಂಬುದಕ್ಕೆ ಫ್ಲಾರಿಡಾದ ಸರ್ಫ್‌ಸೈಡ್ ಸಾಕ್ಷಿ. ಸಮುದ್ರದಂಚಿನ 12 ಅಂತಸ್ತಿನ, 1981ರಲ್ಲಿ ಕಟ್ಟಿದ ವಸತಿ ಕಟ್ಟಡದ ಒಂದು ದೊಡ್ಡ ಭಾಗ 2021ರ ಜೂನ್ 24ರ ನಡುರಾತ್ರಿಯ ಮೇಲೆ ಕುಸಿದು 98 ಜನ ಸತ್ತರು. ಕಾಂಕ್ರೀಟು ಹಾಳಾಗಿದೆ, ನೀರು ನಿಲ್ಲುತ್ತಿದೆ ಎಂದು ತಪಾಸಣೆ ಮಾಡಿದವರು 2018ರಲ್ಲೇ ಬರೆದುಕೊಟ್ಟಿದ್ದರು. ರಿಪೇರಿಯ ವೆಚ್ಚವನ್ನು ಯಾರು ಎಷ್ಟು ಹೊರಬೇಕೆಂದು ಮಾಲೀಕರ ನಡುವೆ ವರ್ಷಗಟ್ಟಲೆ ವಾದ ನಡೆದಿತ್ತು. ನೀರಿನಂಚಿನ ತೇವ, ಅದರಲ್ಲೂ ಉಪ್ಪಿನ ತೇವ, ಕಾಂಕ್ರೀಟಿನೊಳಗಿನ ಕಂಬಿಯನ್ನು ಬೇಗ ತಿನ್ನುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಹೊದಿಕೆಯನ್ನು ಒಡೆಯುತ್ತದೆ, ಒಡೆದ ಸೀಳಿನಿಂದ ಮತ್ತಷ್ಟು ನೀರು ಒಳಹೋಗುತ್ತದೆ.

ಬಿಲ್ಡರ್ ಮಾರಿ ಹೋದ ಮೇಲೆ ಕಟ್ಟಡಕ್ಕೆ ಉಳಿಯುವುದು ನಿವಾಸಿಗಳ ಸಂಘ ಮಾತ್ರ. ಆ ಸಂಘದ ಕೈಯಲ್ಲಿ ಮೊದಲ ದಿನದಿಂದಲೇ ಮೀಸಲು ನಿಧಿ ಇರಬೇಕೆಂದು ಷರತ್ತು ಹಾಕಲು ಸಾಧ್ಯವೇ ಎಂದು ಕಾನೂನು ತಿಳಿದವರು ಹೇಳಬೇಕು. ನಾನು ಗೋಪುರಗಳ ವಿರೋಧಿಯಲ್ಲ. ಆದರೆ ನನ್ನ ಅಕ್ಕಪಕ್ಕದವರು ಲಿಫ್ಟಿನ ಹಗ್ಗ ಬದಲಿಸುವುದಕ್ಕೆ ನಾಲ್ಕು ಸಭೆ ಮಾಡಿದ್ದನ್ನು ಕಂಡವನು.

ಎರಡನೇ ತಿರುವು

ಒಳಚರಂಡಿಯ ಬಗ್ಗೆ ಯಾರೂ ಮಾತನಾಡಿಲ್ಲ. ಆರುನೂರು ಮನೆ, ಮನೆಗೆ ನಾಲ್ಕು ಜನ, ಭಾರತದ ಯೋಜಕರು ಬಳಸುವ ತಲಾ 135 ಲೀಟರ್ ಲೆಕ್ಕ ಹಿಡಿದರೆ ದಿನಕ್ಕೆ 3,24,000 ಲೀಟರ್ ನೀರು ಬೇಕು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆಯಾಗಿ ಹೊರಬರುತ್ತದೆ ಎಂಬ ರೂಢಿಯ ಲೆಕ್ಕದಂತೆ ಸುಮಾರು 2,59,000 ಲೀಟರ್. ನಮ್ಮ ಬೀದಿಯ ಕೊಳವೆ ಮಳೆಗಾಲದಲ್ಲಿ ಈಗಲೇ ಉಕ್ಕುತ್ತದೆ. ಶುದ್ಧೀಕರಣ ಘಟಕ ಕಟ್ಟುವುದಾಗಿ ಪ್ರಸ್ತಾವದಲ್ಲಿ ಒಂದು ಸಾಲಿದೆ. ಅದು ಕೆಟ್ಟುನಿಂತ ದಿನ ಆ ನೀರು ಹರಿಯುವುದು ತಗ್ಗಿಗೆ, ತಗ್ಗಿನಲ್ಲಿರುವುದು ಯಾವ ನೀರಿಗಾಗಿ ನಾವು ಜಗಳವಾಡುತ್ತಿದ್ದೇವೋ ಅದೇ ನೀರು.

ದೋಣಿಕಟ್ಟೆ

ನಾನು ಇಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ನನ್ನ ತಂದೆಯ ಕಾಲದಲ್ಲಿ ದೋಣಿ ಕಟ್ಟುತ್ತಿದ್ದ ಜಾಗಕ್ಕೆ ಈಗ ಮನೆಗಳ ಸಾಲಿನ ಹಿಂದಿನಿಂದ ಹೋಗಲು ದಾರಿಯಿಲ್ಲ. ಆ ದಾರಿಯನ್ನು ಮುಚ್ಚಿದ್ದು ಯಾವ ಗೋಪುರವೂ ಅಲ್ಲ. ದಡದ ಸಾಲಿನ ಮೂರು ಅಂತಸ್ತಿನ ಮನೆಗಳವರು ಒಬ್ಬರಾದ ಮೇಲೆ ಒಬ್ಬರು ಹಿತ್ತಲನ್ನು ನೀರಿನವರೆಗೆ ಎಳೆದು ಕಾಂಪೌಂಡ್ ಹಾಕಿಕೊಂಡರು. ಒಬ್ಬೊಬ್ಬರದು ಮೂರು ನಾಲ್ಕು ಮೀಟರ್ ಇರಬಹುದು. ಕೂಡಿಸಿದರೆ ಇಡೀ ದಡ. ನೀರು ಎಲ್ಲರದು ಎಂದು ಈಗ ಬರೆಯುತ್ತಿರುವವರ ಮನೆಗಳಲ್ಲಿ ಎಷ್ಟು ಮನೆಗಳ ಹಿಂದೆ ನಾನು ನಡೆದು ಹೋಗಬಹುದು?

ಗೋದಾಮುಗಳ ಜಾಗ ಮುಚ್ಚಿದ ಗೇಟಿನ ಹಿಂದೆ ಇದ್ದರೂ ಕಾವಲುಗಾರ ನಮ್ಮನ್ನು ಬಿಡುತ್ತಿದ್ದ. ಉಳಿದಿರುವುದು ಅದೊಂದೇ ಬಾಯಿ. ಅಲ್ಲಿ ಮೂವತ್ತು ಅಂತಸ್ತು ಬಂದರೂ ಆರು ಅಂತಸ್ತು ಬಂದರೂ ನನಗೆ ವ್ಯತ್ಯಾಸವಿಲ್ಲ. ಗೇಟು ಬರುತ್ತದೆಯೇ ಇಲ್ಲವೇ ಎಂಬುದಷ್ಟೇ ನನ್ನ ಪ್ರಶ್ನೆ.

ಮೂಲೆಮನೆ

ನಮ್ಮ ಹಿತ್ತಲುಗಳಿಗೆ ಕಾಗದಪತ್ರಗಳಿವೆ. ಆಧಾರವಿಲ್ಲದೆ ಒತ್ತುವರಿ ಎನ್ನುವುದು ಸರಿಯಲ್ಲ. ಬಿಲ್ಡರ್‌ನ ವಿಷಯದಿಂದ ಗಮನ ಬೇರೆಡೆಗೆ ಸೆಳೆಯುವ ಯತ್ನ ಇದು.

ನಿರ್ವಾಹಕರು

ಯಾರ ಮನೆಯ ಗುರುತನ್ನೂ ಇಲ್ಲಿ ಬರೆಯಬೇಡಿ. ದಡದ ದಾರಿಯ ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದೇ ಆಗಿರುವುದರಿಂದ ದೋಣಿಕಟ್ಟೆಯವರ ಬರಹ ಉಳಿಯುತ್ತದೆ.

ಕಾನೂನು ಓದಿದವಳು

ದೋಣಿಕಟ್ಟೆಯವರು ಕೇಳಿದ್ದು ಇಡೀ ಚರ್ಚೆಯಲ್ಲಿ ಮೊದಲೇ ಬರಬೇಕಾಗಿದ್ದ ಪ್ರಶ್ನೆ. ಷಿಕಾಗೊ ನಗರದ ಸರೋವರದ ದಡ ಇಂದಿಗೂ ಬಹುಮಟ್ಟಿಗೆ ಉದ್ಯಾನವಾಗಿ ಉಳಿದಿದ್ದರೆ ಅದರ ಬೇರು 1836ರ ನಕ್ಷೆಯೊಂದರ ಮೇಲಿನ ಟಿಪ್ಪಣಿಯಲ್ಲಿದೆ. ಈ ನೆಲ ಸಾರ್ವಜನಿಕರದು, ಎಂದೆಂದಿಗೂ ಕಟ್ಟಡಗಳಿಲ್ಲದೆ ತೆರೆದಿರಬೇಕು ಎಂಬ ಅರ್ಥದ ಒಂದು ಸಾಲು. ಆ ಸಾಲನ್ನು ಹಿಡಿದು ಮಾಂಟ್ಗೊಮೆರಿ ವಾರ್ಡ್ ಎಂಬ ವ್ಯಾಪಾರಿ 1890ರಿಂದ ಎರಡು ದಶಕ ನ್ಯಾಯಾಲಯದಲ್ಲಿ ಹೋರಾಡಿದರು. ನಗರದವರೇ ಆಗ ಅವರನ್ನು ಪ್ರಗತಿಯ ವಿರೋಧಿ ಎಂದು ಹೀಗಳೆದಿದ್ದರು. ಗಮನಿಸಬೇಕಾದ ಮಾತೆಂದರೆ, ಆ ಉದ್ಯಾನದ ಹಿಂದೆಯೇ ಜಗತ್ತಿನ ಅತಿ ಎತ್ತರದ ಕಟ್ಟಡಗಳಲ್ಲಿ ಕೆಲವು ನಿಂತಿವೆ. ಅಲ್ಲಿ ಎತ್ತರಕ್ಕೂ ದಡಕ್ಕೂ ಜಗಳ ಹುಟ್ಟಲಿಲ್ಲ, ಏಕೆಂದರೆ ದಡ ಯಾರದೆಂಬುದು ಮೊದಲೇ ತೀರ್ಮಾನವಾಗಿತ್ತು.

ಮೀಸಲು ನಿಧಿಯ ಬಗ್ಗೆ ಕೇಳಿದವರಿಗೆ: ಷರತ್ತಾಗಿ ಕೇಳಬಹುದು, ಆದರೆ ಮಂಜೂರಾತಿ ಕೊಡುವವರು ಅದನ್ನು ತಮ್ಮ ವ್ಯಾಪ್ತಿಯಲ್ಲಿಲ್ಲ ಎನ್ನುವ ಸಂಭವ ಹೆಚ್ಚು. ಕೇಳಿ ದಾಖಲಿಸಿಡುವುದರಿಂದ ನಷ್ಟವಿಲ್ಲ.

ಬಾಡಿಗೆದಾರ

ಹಾಗಾದರೆ ಒಂದು ಕಹಿ ಉದಾಹರಣೆಯನ್ನು ನಾನೂ ಕೊಡುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದ ದಡದಲ್ಲಿ 84 ಅಡಿಯ ಎತ್ತರದ ಮಿತಿಯನ್ನು 136 ಅಡಿಗೆ ಏರಿಸಿ 134 ಮನೆಗಳನ್ನು ಕಟ್ಟುವ ಯೋಜನೆಗೆ ನಗರಾಡಳಿತ ಒಪ್ಪಿತ್ತು. 2013ರ ನವೆಂಬರಿನಲ್ಲಿ ಮತದಾರರು ಅದನ್ನು ತಿರಸ್ಕರಿಸಿದರು. "ದಡದ ಮೇಲೆ ಗೋಡೆ ಬೇಡ" ಎಂಬುದು ಘೋಷಣೆಯಾಗಿತ್ತು. ಮರುವರ್ಷ ಜೂನ್‌ನಲ್ಲಿ, ಬಂದರಿನ ನೆಲದಲ್ಲಿ ಎತ್ತರದ ಮಿತಿ ಮೀರಬೇಕಾದರೆ ಮತದಾರರ ಒಪ್ಪಿಗೆಯೇ ಬೇಕೆಂಬ ನಿಯಮವನ್ನೂ ಗೆಲ್ಲಿಸಿದರು. ಅದೇ ದಡದುದ್ದಕ್ಕೂ ಹಿಂದೆ ಎತ್ತರದ ಹೆದ್ದಾರಿಯೊಂದು ನಿಂತಿತ್ತು, 1989ರ ಭೂಕಂಪದಲ್ಲಿ ಹಾಳಾದ ಮೇಲೆ ಅದನ್ನು ಕೆಡವಿದರು, ಆದ್ದರಿಂದ ಅಲ್ಲಿಯವರಿಗೆ ಗೋಡೆಯ ಭಯ ಬರಿ ಕಲ್ಪನೆಯಲ್ಲ ಎಂಬುದನ್ನು ಒಪ್ಪುತ್ತೇನೆ. ಆ 134 ಮನೆಗಳು ಸಿರಿವಂತರಿಗಾಗಿಯೇ ಇದ್ದವು ಎಂಬುದನ್ನೂ ಒಪ್ಪುತ್ತೇನೆ. ಆದರೆ ಬಾಡಿಗೆಯ ದುಬಾರಿತನಕ್ಕೆ ಹೆಸರಾದ ಒಂದು ಊರಿನಲ್ಲಿ ಈಗಾಗಲೇ ಮನೆಯುಳ್ಳವರು ಮತಪೆಟ್ಟಿಗೆಗೆ ಹೋಗಿ ಹೊಸ ಮನೆಗಳನ್ನು ಬೇಡವೆಂದರೆ, ಇನ್ನೂ ಆ ಊರಿಗೆ ಬಾರದವರ ಮತವನ್ನು ಯಾರು ಹಾಕುತ್ತಾರೆ? ನಮ್ಮ ಕರಡಿಗೆ ಸಹಿ ಹಾಕುವವರಲ್ಲಿಯೂ ಆ ಆರುನೂರು ಮನೆಗಳಲ್ಲಿ ಇರಬೇಕಾದವರು ಒಬ್ಬರೂ ಇರುವುದಿಲ್ಲ.

ಮೂಲೆಮನೆ

ಇನ್ನೂ ಬಾರದವರಿಗಾಗಿ ಇರುವವರು ಎಷ್ಟು ಕಳೆದುಕೊಳ್ಳಬೇಕು ಎಂಬುದಕ್ಕೂ ಒಂದು ಮಿತಿ ಇರಬೇಕಲ್ಲವೇ?

ಬಾಡಿಗೆದಾರ

ಇರಬೇಕು. ಆ ಮಿತಿ ಶೂನ್ಯವಾಗಿರಬಾರದು ಎಂಬುದಷ್ಟೇ ನನ್ನ ಮಾತು.

ದಡದ ಮನೆ

ಎಲ್ಲವನ್ನೂ ಎರಡು ಸಲ ಓದಿದೆ. ನಾನು ಮೊದಲು ಬರೆದ ಕರಡಿನ ಶೀರ್ಷಿಕೆ "ಎತ್ತರದ ಕಟ್ಟಡಗಳಿಗೆ ವಿರೋಧ" ಎಂದಿತ್ತು. ಅದನ್ನು ತೆಗೆದಿದ್ದೇನೆ. ನೋಟದ ಪ್ಯಾರಾವನ್ನೂ ತೆಗೆದಿದ್ದೇನೆ, ಬೇಸರದಿಂದಲೇ ತೆಗೆದಿದ್ದೇನೆ ಎಂಬುದನ್ನು ಮರೆಮಾಚುವುದಿಲ್ಲ. ಈಗಿನ ಕರಡು ಹೀಗೆ ಸಾಗುತ್ತದೆ: ನೀರಿನಂಚಿನ ಪಟ್ಟಿ ಗೇಟಿಲ್ಲದ ಸಾರ್ವಜನಿಕ ಹಾದಿಯಾಗಿ ದಾಖಲೆಯಲ್ಲೇ ನಗರಕ್ಕೆ ಹಸ್ತಾಂತರವಾಗಬೇಕು, ಅದು ಆದ ಮೇಲೆಯೇ ಮೊದಲ ಗೋಪುರದ ಕೆಲಸ ಆರಂಭವಾಗಬೇಕು, ವರ್ಷದ ಅತಿ ಗಿಡ್ಡ ಹಗಲಿನ ದಿನ ಮತ್ತು ಹಗಲಿರುಳು ಸಮವಾಗಿರುವ ದಿನಗಳಿಗೆ ಗಂಟೆಗಂಟೆಯ ನೆರಳಿನ ನಕ್ಷೆ ಬೇಕು, ಗಾಳಿ ಸುರಂಗದ ಪರೀಕ್ಷೆಯ ವರದಿ ಬೇಕು, ನೆಲಮಾಳಿಗೆ ಒಂದೇ ಅಂತಸ್ತಿಗೆ ಸೀಮಿತವಾಗಬೇಕು, ಅಗೆಯುವ ಮೊದಲು ಸುತ್ತಲಿನ ಮನೆಗಳ ಸ್ಥಿತಿ ದಾಖಲಾಗಬೇಕು, ಕೊಳಚೆಯ ಕೊಳವೆಯ ಸಾಮರ್ಥ್ಯ ಹೆಚ್ಚುವವರೆಗೆ ವಾಸಯೋಗ್ಯ ಪ್ರಮಾಣಪತ್ರ ಕೊಡಬಾರದು, ಮನೆಗಳಲ್ಲಿ ಒಂದು ಪಾಲು ಕೈಗೆಟಕುವ ಬಾಡಿಗೆಗೆ ಮೀಸಲಾಗಬೇಕು. ಕೊನೆಯದನ್ನು ಸೇರಿಸುವಂತೆ ಮಾಡಿದವರು ಬಾಡಿಗೆದಾರರು. ಕಾರು ನಿಲ್ಲಿಸುವ ಜಾಗ ಕಡಿಮೆಯಾದರೆ ರಸ್ತೆಗೆ ಇಳಿಯುವ ಕಾರುಗಳೂ ಕಡಿಮೆಯಾಗಬಹುದೆಂಬ ಆಸೆಯೂ ನೆಲಮಾಳಿಗೆಯ ಷರತ್ತಿನ ಹಿಂದಿದೆ.

ಎತ್ತರದ ಬಗ್ಗೆ ನಮಗೆ ಒಮ್ಮತವಿಲ್ಲ ಎಂದೇ ಬರೆದಿದ್ದೇನೆ. ನಾನು ಈಗಲೂ ಏಳೆಂಟು ಅಂತಸ್ತಿನ ಪರ. ಆದರೆ ಅದು ನನ್ನ ಸಹಿಯ ಕೆಳಗೆ ನನ್ನ ಟಿಪ್ಪಣಿಯಾಗಿ ಇರುತ್ತದೆ, ಎಲ್ಲರ ಬೇಡಿಕೆಯಾಗಿ ಅಲ್ಲ.

ನಿವೃತ್ತ ಇಂಜಿನಿಯರ್

ಮಣ್ಣಿನ ಕೊರೆತದ ವರದಿಯನ್ನೂ ಸೇರಿಸಿ. ಪೈಲು ಎಲ್ಲಿ ನಿಲ್ಲುತ್ತದೆ ಎಂಬುದು ಅದರಲ್ಲಿ ಮಾತ್ರ ಇರುತ್ತದೆ.

ಮೂಲೆಮನೆ

ಈ ರೂಪದಲ್ಲಿ ನಾನು ಸಹಿ ಹಾಕುವುದಿಲ್ಲ. ನನ್ನದು ಪ್ರತ್ಯೇಕ ಆಕ್ಷೇಪಣೆ.

ದೋಣಿಕಟ್ಟೆ

ಕರಡನ್ನು ಓದಿದೆ. ಹಾದಿ ಗೋದಾಮಿನ ಜಾಗದ ಎರಡು ತುದಿಯಲ್ಲಿ ನಿಲ್ಲುತ್ತದೆ. ಆಮೇಲೆ ಎಲ್ಲಿಗೆ ಹೋಗುತ್ತದೆ?

ದಡದ ಮನೆ

ಒಂದು ತುದಿಯಲ್ಲಿ ಅದು ನನ್ನ ಕಾಂಪೌಂಡಿಗೆ ಬಂದು ತಾಗುತ್ತದೆ. ನನ್ನ ಮನೆಯ ಮೂಲ ನಕ್ಷೆಯನ್ನು ನಿನ್ನೆ ಸಂಜೆ ತೆಗೆದು ನೋಡಿದೆ. ಹಿತ್ತಲಿನ ಗೋಡೆ ನಕ್ಷೆಯ ಗೆರೆಗಿಂತ ಎರಡೂವರೆ ಮೀಟರ್ ಮುಂದಿದೆ ಎಂದು ತೋರುತ್ತದೆ, ಆದರೆ ಒಬ್ಬನೇ ಟೇಪು ಹಿಡಿದು ಅಳೆದಿದ್ದರಿಂದ ಖಚಿತವಾಗಿ ಹೇಳಲಾರೆ. ಇಂಜಿನಿಯರ್ ಅವರು ಒಪ್ಪಿದರೆ ಭಾನುವಾರ ಬೆಳಗ್ಗೆ ಅಳೆಯೋಣ. ದೋಣಿಕಟ್ಟೆಯವರೂ ಬರಬೇಕು, ಹಳೆಯ ಕಟ್ಟೆಯ ಕಲ್ಲು ಎಲ್ಲಿತ್ತೆಂದು ಅವರಿಗೆ ಮಾತ್ರ ಗೊತ್ತು.